ಪಿಕಪ್ ಸತ್ತಿದೆ ಅಂದಿದ್ದರು

ನಾಲ್ಕು ತಂತಿಯ ಬೇಸ್ ಗಿಟಾರ್, ಸೆಕೆಂಡ್ ಹ್ಯಾಂಡ್. ಫೆಂಡರ್‌ನವರು 1960ರಲ್ಲಿ ತಂದ ಜಾಝ್ ಬೇಸ್ ಇದೆಯಲ್ಲ, ಅದೇ ಅಚ್ಚಿನಲ್ಲಿ ಬೇರೆಯವರು ಮಾಡಿದ್ದು. ಎರಡು ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟಿನ ಸಂಕೇತ ಮಾಡುವ ಭಾಗ): ಒಂದು ನೆಕ್ ಅಂದರೆ ಉದ್ದ ಕತ್ತಿನ ಕಡೆ, ಇನ್ನೊಂದು ತಂತಿಯ ಬುಡ ಹಿಡಿದಿಡುವ ಬ್ರಿಜ್ ಕಡೆ. ಎರಡು ವಾಲ್ಯೂಮ್ ನಾಬ್, ಒಂದು ಟೋನ್ ನಾಬ್. ಒಳಗೆ ಬ್ಯಾಟರಿ ಇಲ್ಲ. "ನೆಕ್ ಕಡೆಯ ಪಿಕಪ್ ಸತ್ತಿದೆ, ಅದಕ್ಕೇ ಕಡಿಮೆಗೆ ಕೊಡ್ತಿದ್ದೀನಿ" ಎಂದು ಮಾರಿದವರು ಮೊದಲೇ ಹೇಳಿದ್ದರು. ಪಿಕಪ್ ತಾನೆ, ಹೊಸದು ಹಾಕಿದರಾಯಿತು ಎಂದುಕೊಂಡೆ. ಅವತ್ತು ರಾತ್ರಿಯೇ ಒಂದು ಜೊತೆ ಪಿಕಪ್ ಆರ್ಡರ್ ಮಾಡಿಬಿಟ್ಟೆ. ಬೇಸನ್ನು ಬಿಚ್ಚಿಯೂ ನೋಡಿರಲಿಲ್ಲ.

ಕೊಳ್ಳುವಾಗ ಮಾತ್ರ ಅಷ್ಟು ಆತುರ ಪಟ್ಟಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೆಕ್ಕನ್ನು ಕಣ್ಣಿನ ನೇರಕ್ಕೆ ಹಿಡಿದು, ತಲೆ ಕಡೆಯಿಂದ ಬಾಡಿ ಕಡೆಗೆ ನೋಡಿದೆ. ಸ್ವಲ್ಪ ಜಾಸ್ತಿಯೇ ಬಾಗಿತ್ತು, ಆದರೆ ತಿರುಚಿಕೊಂಡಿರಲಿಲ್ಲ. ಬಾಗಿದ ನೆಕ್ಕಿಗೆ ಮದ್ದಿದೆ, ತಿರುಚಿದ ನೆಕ್ಕಿಗೆ ಮನೆಮದ್ದು ಇಲ್ಲ. ಜೇಬಿನಲ್ಲಿ ಅಲೆನ್ ಕೀ ಇಟ್ಟುಕೊಂಡೇ ಹೋಗಿದ್ದೆ. ಅವರನ್ನು ಕೇಳಿಕೊಂಡು, ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಕಡ್ಡಿ, ಅಂದರೆ ಟ್ರಸ್ ರಾಡ್‌ನ ನಟ್ ಎರಡೂ ಕಡೆಗೆ ಒಂಚೂರು ಅಲ್ಲಾಡುತ್ತದಾ ಎಂದು ನೋಡಿದೆ. ಅಲ್ಲಾಡಿತು. ಆಮೇಲೆ 20 ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು), ನಾಲ್ಕು ತಂತಿ, ಒಟ್ಟು 80 ಜಾಗ ಒಂದೊಂದಾಗಿ ಒತ್ತಿ ಮೀಟಿದೆ. ಮೂರು ನಾಲ್ಕು ನಿಮಿಷದ ಕೆಲಸ. ಎದುರಿಗಿದ್ದವರಿಗೆ ಬೇಜಾರಾಗಬಹುದು, ಆಗಲಿ. ಆಂಪ್ಲಿಫೈಯರ್ (ಆಂಪ್) ಇಲ್ಲದೆ ಸದ್ದು ಕೇಳಬೇಕಾದರೆ ಬೇಸಿನ ಮೇಲಿನ ಕೊಂಬಿಗೆ ಕಿವಿಯ ಹತ್ತಿರದ ಎಲುಬು ತಾಗಿಸಿ ಮೀಟಿ ನೋಡಿ, ಮರದ ಸದ್ದು ನೇರ ತಲೆಯೊಳಗೆ ಬರುತ್ತದೆ. ಹಾಗೆ ಕೇಳಿದಾಗ ಇದು ಚೆನ್ನಾಗಿಯೇ ಮೊಳಗುತ್ತಿತ್ತು.

ಆಂಪಿಗೆ ಹಾಕಿ ತೋರಿಸುವಾಗ ಅವರು ಒಂದು ಮಾತು ಹೇಳಿದರು. "ಆ ಮೊದಲನೇ ನಾಬ್ ಮಾತ್ರ ತಿರುಗಿಸಬೇಡಿ, ತಿರುಗಿಸಿದರೆ ಎಲ್ಲಾ ಸದ್ದೂ ಹೋಗುತ್ತೆ." ನಾನು ತಲೆಯಾಡಿಸಿದೆ. ಕಾಯಿಲೆ ಏನು ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು, ನನಗೆ ಕೇಳಿಸಿದ್ದು ಎರಡು ದಿನ ಬಿಟ್ಟು.

ಶನಿವಾರ

ನಾಬ್‌ಗಳು ಕೂತಿರುವ ಕಂಟ್ರೋಲ್ ಪ್ಲೇಟ್‌ನ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಹಳೇ ರಿಪೇರಿಯ ಗುರುತು. ಯಾರೋ ಕೇಬಲ್ ಚುಚ್ಚುವ ಜ್ಯಾಕ್ ಬದಲಾಯಿಸಿದ್ದಾರೆ, ವೈರುಗಳು ಬೇಕಾದ್ದಕ್ಕಿಂತ ಉದ್ದ, ಎಲ್ಲವನ್ನೂ ಸುಮ್ನೆ ಒಳಗೆ ತುರುಕಿ ಮುಚ್ಚಿದ್ದಾರೆ. ಜ್ಯಾಕಿನ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿ ಮರಳು ಮರಳಾಗಿತ್ತು. ಒಳ್ಳೆ ಬೆಸುಗೆ ನುಣ್ಣಗೆ ಹೊಳೆಯಬೇಕು, ಇದು ಸರಿಯಾಗಿ ಬಿಸಿಯಾಗದೆ ಕೂತಿದ್ದ ಬೆಸುಗೆ.

ಪ್ಲೇಟ್ ಹೊರಗೆ ನೇತಾಡುತ್ತಿದ್ದ ಹಾಗೆಯೇ ಕೇಬಲ್ ಚುಚ್ಚಿ, ಆಂಪ್ ಸಣ್ಣಗಿಟ್ಟು, ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ಪಿನ ಕಂಬಗಳನ್ನು ಮೆಲ್ಲಗೆ ತಟ್ಟಿದೆ. ಪಿಕಪ್ ಬದುಕಿದ್ದರೆ ಸ್ಪೀಕರಿನಲ್ಲಿ ಟಕ್ ಎನ್ನುತ್ತದೆ. ಬ್ರಿಜ್ ಕಡೆಯದು ಟಕ್ ಅಂದಿತು. ನೆಕ್ ಕಡೆಯದು, ಸತ್ತಿದ್ದು, ಅದೂ ಟಕ್ ಅಂದಿತು.

ಖುಷಿಯಾಯಿತು. ಜ್ಯಾಕಿನ ಬೆಸುಗೆಯದ್ದೇ ತೊಂದರೆ, ಪ್ಲೇಟ್ ಎತ್ತುವಾಗ ಅಲುಗಿ ತಾನೇ ಸರಿಯಾಗಿದೆ ಎಂದು ನಾನೇ ತೀರ್ಪು ಕೊಟ್ಟೆ. ಸೋಲ್ಡರಿಂಗ್ ಐರನ್ 350 ಡಿಗ್ರಿಗೆ ಇಟ್ಟು ಜ್ಯಾಕು, ಪಾಟು (ನಾಬ್ ತಿರುಗಿಸುವ ರೆಸಿಸ್ಟರ್), ಎಲ್ಲಾ ಕಡೆ ಹಳೇ ಸೀಸ ತೆಗೆದು ಹೊಸದಾಗಿ ಬೆಸೆದೆ. ಪಾಟಿನ ಬೆನ್ನಿಗೆ ಗ್ರೌಂಡ್ ವೈರ್ (ಸಂಕೇತ ವಾಪಸ್ ಹೋಗುವ ದಾರಿ) ಬೆಸೆಯುವುದು ಹೊಸಬರಿಗೆ ಕಷ್ಟ, ಯಾಕೆಂದರೆ ಆ ಲೋಹದ ಡಬ್ಬಿ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಬೆನ್ನನ್ನು ಮರಳು ಕಾಗದದಿಂದ ಸ್ವಲ್ಪ ಉಜ್ಜಿ, ದಪ್ಪ ತುದಿಯ ಐರನ್ ಬಳಸಿ, ಬೇಗ ಮುಗಿಸಬೇಕು. ಸಣ್ಣ ತುದಿ ಹಿಡಿದುಕೊಂಡು ಅರ್ಧ ನಿಮಿಷ ಒತ್ತುತ್ತಾ ಕೂತರೆ ಒಳಗಿನ ಪಟ್ಟಿ ಸುಟ್ಟು ಪಾಟೇ ಹೋಗುತ್ತದೆ.

ಪ್ಲೇಟ್ ಮುಚ್ಚಿ, ನಾಲ್ಕು ಸ್ಕ್ರೂ ಬಿಗಿದು, ಎರಡೂ ನಾಬ್ ಪೂರ್ತಿ ತೆರೆದೆ. ಸದ್ದಿಲ್ಲ. ಬಿಚ್ಚಿದೆ, ಬಂತು. ಮುಚ್ಚಿದೆ, ಹೋಯಿತು. ಇದನ್ನೇ ನಾಲ್ಕು ಸಲ ಮಾಡಿದೆ. ಸಿಟ್ಟು ಬಂದು ಲೈಟ್ ಆರಿಸಿ ಮಲಗಿದೆ.

ಭಾನುವಾರ

ಬೆಳಗ್ಗೆ ಎದ್ದಾಗ ಮಾರಿದವರ ಮಾತು ನೆನಪಾಯಿತು. ಮೊದಲನೇ ನಾಬ್, ಅಂದರೆ ನೆಕ್ ಪಿಕಪ್ಪಿನ ವಾಲ್ಯೂಮ್, ತೆರೆದರೆ ಎಲ್ಲಾ ಸದ್ದೂ ಹೋಗುತ್ತದೆ. ಎಲ್ಲಾ ಸದ್ದೂ!

ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಪಿಕಪ್ ಸಾಯುವುದೆಂದರೆ ಸಾಮಾನ್ಯವಾಗಿ ಆ ತಂತಿ ಎಲ್ಲೋ ತುಂಡಾಗುವುದು. ಹಾಗೆ ತುಂಡಾದರೆ ಆ ಪಿಕಪ್ ಮಾತ್ರ ಸುಮ್ಮನಾಗುತ್ತದೆ. ಅದರ ನಾಬ್ ಎಷ್ಟು ತಿರುಗಿಸಿದರೂ ಪಕ್ಕದ ಪಿಕಪ್ಪಿಗೆ ಏನೂ ಆಗಬಾರದು. ಇಲ್ಲಿ ಪಕ್ಕದ್ದನ್ನೂ ಕರೆದುಕೊಂಡು ಮುಳುಗುತ್ತಿದೆ. ಜಾಝ್ ಬೇಸಿನ ವೈರಿಂಗಿನಲ್ಲಿ ಎರಡು ವಾಲ್ಯೂಮ್ ಪಾಟುಗಳ ಹೊರದಾರಿ ಒಂದೇ ಕಡೆ ಸೇರುತ್ತದೆ. ಒಂದು ಪಿಕಪ್ಪಿನ ಹಾಟ್ ವೈರ್ (ಸದ್ದಿನ ಸಂಕೇತ ಹೊರುವ ವೈರ್) ಎಲ್ಲೋ ಗ್ರೌಂಡಿಗೆ ತಾಗಿದ್ದರೆ, ಅದರ ನಾಬ್ ಮುಚ್ಚಿದ್ದಾಗ ಗೊತ್ತೇ ಆಗುವುದಿಲ್ಲ. ನಡುವೆ ಪಾಟಿನ 250 ಕೆ ಓಮ್ ಅಡ್ಡ ಇರುತ್ತದೆ. ನಾಬ್ ಪೂರ್ತಿ ತೆರೆದಿರೋ, ಆ ಅಡ್ಡ ಹೋಯಿತು, ಎರಡೂ ಪಿಕಪ್ಪಿನ ಸದ್ದು ಆ ದಾರಿಯಲ್ಲಿ ಗ್ರೌಂಡಿಗೆ ಹರಿದು ಹೋಯಿತು. ಅಂದರೆ ಇದು ತುಂಡಾದ ವೈರ್ ಅಲ್ಲವೇ ಅಲ್ಲ, ತಾಗಬಾರದ ಕಡೆ ತಾಗಿದ ವೈರ್. ಪ್ಲೇಟ್ ಮುಚ್ಚಿದಾಗ ಮಾತ್ರ ತಾಗುತ್ತಿದೆ. ಪ್ಲೇಟ್ ಲೋಹದ್ದು, ಗ್ರೌಂಡಿಗೆ ಸೇರಿದ್ದು.

ಇಷ್ಟು ಗೊತ್ತಾದ ಮೇಲೆ ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ನೆಕ್ ಪಿಕಪ್ಪಿನ ಬಿಳಿ ವೈರ್, ಪ್ಲೇಟಿನ ಕೆಳಗೆ ಮರದಲ್ಲಿ ಕೊರೆದ ಕುಳಿಯ ಅಂಚಿನ ಮೇಲೆ ಹಾದು ಹೋಗಿತ್ತು. ಅಲ್ಲಿ ಚಪ್ಪಟೆಯಾಗಿ, ಹೊದಿಕೆ ಸೀಳಿ, ಒಳಗಿನ ತಾಮ್ರ ಸಾಸಿವೆ ಕಾಳಿನಷ್ಟು ಹೊಳೆಯುತ್ತಿತ್ತು. ಜ್ಯಾಕ್ ಬದಲಾಯಿಸಿದ ಪುಣ್ಯಾತ್ಮರು ಮುಚ್ಚುವಾಗ ವೈರ್ ಅಂಚಿಗೆ ಸಿಕ್ಕಿಕೊಂಡಿದ್ದನ್ನು ನೋಡಿಲ್ಲ. ಆಮೇಲೆ "ಪಿಕಪ್ ಸತ್ತಿದೆ" ಎಂಬ ಮಾತು ಬೇಸಿನ ಜೊತೆಗೇ ಕೈಯಿಂದ ಕೈಗೆ ಬಂದಿದೆ. ಎಷ್ಟು ಕೈ ದಾಟಿದೆಯೋ ಏನೋ.

ಖಚಿತ ಮಾಡಿಕೊಳ್ಳಲು ಆ ಪಿಕಪ್ಪಿನ ಒಂದು ವೈರ್ ಪಾಟಿನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿದೆ. 7.4 ಕೆ ಓಮ್. ಈ ಜಾತಿಯ ಪಿಕಪ್ಪಿಗೆ 7ರಿಂದ 8ರ ಆಸುಪಾಸು ಇದ್ದರೆ ಆರೋಗ್ಯ ಎಂದೇ ಅರ್ಥ. ಗಾಯ ಆದ ಜಾಗ ಕತ್ತರಿಸಿ, ಮತ್ತೆ ಬೆಸೆದು, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಜಾಸ್ತಿ ಇದ್ದ ವೈರನ್ನೆಲ್ಲ ಮೋಟು ಮಾಡಿ ಕುಳಿಯ ತಳಕ್ಕೆ ಮಲಗಿಸಿದೆ. ಮುಚ್ಚಿದೆ. ಎರಡೂ ನಾಬ್ ತೆರೆದೆ. ಎರಡೂ ಪಿಕಪ್ ಒಟ್ಟಿಗೆ ಹಾಡಿದಾಗ ನಾನೊಬ್ಬನೇ ರೂಮಿನಲ್ಲಿ ಜೋರಾಗಿ ನಕ್ಕೆ.

ಗುಂಯ್ ಸದ್ದಿನ ಬೆನ್ನು ಹತ್ತಿ

ಈಗ ಕೇಳಿಸಲು ಶುರುವಾದದ್ದು ಗುಂಯ್‌ಗುಡುವ ಹಮ್. ಒಂದೇ ಪಿಕಪ್ ತೆರೆದರೆ ಜಾಸ್ತಿ, ಎರಡೂ ಪೂರ್ತಿ ತೆರೆದರೆ ಕಡಿಮೆ. ಇಷ್ಟು ಮಾತ್ರ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ, ಜಾಝ್ ಬೇಸಿನ ಹುಟ್ಟುಗುಣವೇ ಅದು. ಎರಡು ಪಿಕಪ್ಪಿನ ಸುತ್ತು ಮತ್ತು ಆಯಸ್ಕಾಂತ ಒಂದಕ್ಕೊಂದು ತಿರುಗಾಮುರುಗಾ ಇರುವುದರಿಂದ ಸಮ ತೆರೆದಾಗ ಹಮ್ ಪರಸ್ಪರ ಹೊಡೆದು ಹೋಗುತ್ತದೆ. ಆದರೆ ಇದರಲ್ಲಿ ಇನ್ನೊಂದು ಸಣ್ಣ ಝರ್ ಇತ್ತು, ಮತ್ತು ತಂತಿಯ ಮೇಲೆ ಕೈ ಇಟ್ಟರೂ ಅದು ತಗ್ಗುತ್ತಿರಲಿಲ್ಲ. ಸರಿಯಿರುವ ಬೇಸಿನಲ್ಲಿ ತಂತಿ ಮುಟ್ಟಿದ ತಕ್ಷಣ ತಗ್ಗಬೇಕು.

ಮೀಟರಿನ ಒಂದು ಕಡ್ಡಿ ಬ್ರಿಜ್ಜಿಗೆ, ಇನ್ನೊಂದು ಜ್ಯಾಕಿನ ಗ್ರೌಂಡಿಗೆ. ಎರಡೂ ಸೇರಿದ್ದರೆ ಮೀಟರ್ ಬೀಪ್ ಅನ್ನಬೇಕು. ಬೀಪ್ ಬರಲಿಲ್ಲ. ಬ್ರಿಜ್ಜಿನ ಕೆಳಗೆ ಒಂದು ಬರಿ ವೈರ್ ಬಂದು ಕೂತಿರುತ್ತದೆ, ಬ್ರಿಜ್ಜಿನ ಒತ್ತಡಕ್ಕೇ ಅದು ತಾಗಿಕೊಂಡಿರುತ್ತದೆ, ಬೇರೆ ಬೆಸುಗೆ ಇರುವುದಿಲ್ಲ. ಹೇಗೂ ತಂತಿ ಬದಲಾಯಿಸಬೇಕಿತ್ತು, ಎಲ್ಲ ಬಿಚ್ಚಿ ಬ್ರಿಜ್ ಎತ್ತಿದೆ. ವೈರಿನ ತುದಿ ಕಪ್ಪು ಹಿಡಿದು ಸುರುಳಿಯಾಗಿ ರಂಧ್ರದೊಳಗೇ ಜಾರಿಕೊಂಡಿತ್ತು. ಹೊರಗೆಳೆದು, ಬ್ಲೇಡಿನಿಂದ ಕೆರೆದು, ಎಳೆಗಳನ್ನು ಬೀಸಣಿಗೆ ಹಾಗೆ ಹರಡಿ, ಮೇಲೆ ಬ್ರಿಜ್ ಇಟ್ಟು ಬಿಗಿದೆ. ಬೀಪ್.

ಇಲ್ಲೇ ಒಂದು ಮಾತು. ಹಮ್ ಹೋಗಲಿ ಎಂದು ಆಂಪಿನ ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವವರನ್ನು ನೋಡಿದ್ದೇನೆ. ಹಮ್ ಕಡಿಮೆಯಾಗಲೂಬಹುದು. ಆದರೆ ಬೇಸಿನ ತಂತಿ, ಬ್ರಿಜ್, ಕೇಬಲ್ ಎಲ್ಲಾ ಆಂಪಿನ ಲೋಹದ ಡಬ್ಬಿಗೆ ಸೇರಿಕೊಂಡಿರುತ್ತವೆ. ಆಂಪಿನೊಳಗೆ ಏನಾದರೂ ಕೆಟ್ಟು ಆ ಡಬ್ಬಿಗೆ ಕರೆಂಟ್ ಬಂದರೆ ಹೋಗಲು ಅರ್ಥ್ ದಾರಿ ಇಲ್ಲ, ನೀವು ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದಾಗ ನಿಮ್ಮ ಮೈಯೇ ದಾರಿ. ದಯವಿಟ್ಟು ಬೇಡ.

ಇರಲಿ. ಬಿಚ್ಚಿದ್ದೇ ಬಿಚ್ಚಿದ್ದು ಎಂದು ಕುಳಿಗಳಿಗೆ ತಾಮ್ರದ ಫಾಯಿಲ್ ಅಂಟಿಸಲು ಕೂತೆ. ಅಂಟಿನಲ್ಲೂ ಕರೆಂಟ್ ಹರಿಯುವ ಫಾಯಿಲ್ ತೆಗೆದುಕೊಂಡರೆ ಒಂದರ ಮೇಲೊಂದು ಒತ್ತಿದರೆ ಸಾಕು, ಇಲ್ಲದಿದ್ದರೆ ಪ್ರತಿ ಜೋಡಣೆಗೂ ಒಂದು ಚುಕ್ಕೆ ಬೆಸುಗೆ ಹಾಕಬೇಕು. ಅಂಚು ಚೂಪು, ಬೆರಳು ಎರಡು ಕಡೆ ಕೊಯ್ದುಕೊಂಡಿತು. ಫಾಯಿಲನ್ನು ಕುಳಿಯ ಬಾಯಿಂದ ಸ್ವಲ್ಪ ಹೊರಕ್ಕೆ ಮಡಚಿದರೆ ಪ್ಲೇಟ್ ಕೂತಾಗ ಅದಕ್ಕೆ ತಾಗಿ ತಾನೇ ಗ್ರೌಂಡ್ ಆಗುತ್ತದೆ. ಒಂದೂವರೆ ಗಂಟೆ ಹಿಡಿಯಿತು. ಎಲ್ಲಾ ಕಡೆ ಮೀಟರ್ ಬೀಪ್ ಅಂದಿತು, ಹಾಟ್ ಮತ್ತು ಗ್ರೌಂಡ್ ನಡುವೆ ಬೀಪ್ ಇಲ್ಲ. ಅಚ್ಚುಕಟ್ಟು. ಮುಚ್ಚಿ ಕೇಬಲ್ ಚುಚ್ಚಿದೆ. ಸದ್ದಿಲ್ಲ!

ಸುಮ್ನೆ ಹೇಳುತ್ತಿಲ್ಲ, ಒಂದು ಕ್ಷಣ ಪಿಕಪ್ ನಿಜವಾಗಿಯೂ ಸತ್ತಿತು ಎಂದೇ ಅನ್ನಿಸಿತು. ಆದರೆ ಹಿಂದಿನ ದಿನದ ಪಾಠ ಇನ್ನೂ ಬಿಸಿ ಇತ್ತು. ಬಿಚ್ಚಿದರೆ ಬರುತ್ತದೆ, ಮುಚ್ಚಿದರೆ ಹೋಗುತ್ತದೆ, ಅಂದರೆ ಯಾವುದೋ ತಾಗುತ್ತಿದೆ. ಮುಚ್ಚಿದ ಮೇಲೂ ಮೀಟರ್ ಸರಿ ಎನ್ನುತ್ತಿತ್ತು, ಅದೇ ವಿಚಿತ್ರ. ಕೊನೆಗೆ ಸಿಕ್ಕಿತು. ಜ್ಯಾಕಿನೊಳಗೆ ಕೇಬಲ್ ಚುಚ್ಚಿದಾಗ ಅದರ ತುದಿಯನ್ನು ಹಿಡಿಯುವ ಬಾಗಿದ ಪಟ್ಟಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಹಾಟ್ ಇರುವುದು ಆ ಪಟ್ಟಿಯಲ್ಲೇ. ಮರದ ಗೋಡೆ ಇದ್ದಾಗ ತಾಗಿದರೂ ಚಿಂತೆ ಇರಲಿಲ್ಲ, ಈಗ ಅಲ್ಲಿ ನಾನೇ ತಾಮ್ರ ಅಂಟಿಸಿದ್ದೇನೆ. ಕೇಬಲ್ ಇಲ್ಲದೆ ಅಳೆದರೆ ಎಲ್ಲಾ ಸರಿ, ಚುಚ್ಚಿದರೆ ಶಾರ್ಟ್. ಆ ಗೋಡೆಗೆ ಎರಡು ಪದರ ಇನ್ಸುಲೇಷನ್ ಟೇಪ್ ಹಾಕಿ, ಜ್ಯಾಕನ್ನು ಸ್ವಲ್ಪ ತಿರುಗಿಸಿ ಪಟ್ಟಿ ಕುಳಿಯ ನಡುವಿಗೆ ಬರುವ ಹಾಗೆ ಕೂರಿಸಿದೆ. ಇನ್ನುಮುಂದೆ ಕೇಬಲ್ ಇಲ್ಲದ ಬರೀ ಪ್ಲಗ್ ಒಂದನ್ನು ಚುಚ್ಚಿಟ್ಟುಕೊಂಡೇ ಅಳೆಯುವುದು ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಫಾಯಿಲಿನಿಂದ ಝರ್ ಹೋಯಿತು. ಒಂಟಿ ಪಿಕಪ್ಪಿನ ಗುಂಯ್ ಹಾಗೇ ಇದೆ, ಅದು ಟ್ರಾನ್ಸ್‌ಫಾರ್ಮರ್‌ಗಳಿಂದ ಆಯಸ್ಕಾಂತದ ದಾರಿಯಲ್ಲಿ ಬರುವಂಥದ್ದು, ತೆಳ್ಳಗಿನ ತಾಮ್ರಕ್ಕೆ ಅದನ್ನು ತಡೆಯಲು ಆಗುವುದಿಲ್ಲ. ಆಂಪಿನಿಂದ ಎರಡು ಹೆಜ್ಜೆ ದೂರ ನಿಂತು ಸ್ವಲ್ಪ ಓರೆಯಾಗಿ ತಿರುಗಿದರೆ ಕಡಿಮೆಯಾಗುತ್ತದೆ.

ನೆಕ್ಕು, ತಂತಿ, ಎತ್ತರ

ಹೊಸ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ, 45, 65, 85, 105. ದಪ್ಪ ತಂತಿಯನ್ನು ಕತ್ತರಿಸುವ ಮೊದಲು, ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಹಿಂದೆ ಇಕ್ಕಳದಿಂದ ನೇರ ಮಡಚಬೇಕು. ಹಾಗೇ ಕತ್ತರಿಸಿದರೆ ಮೇಲಿನ ಸುತ್ತು ಒಳಗಿನ ಎಳೆಯಿಂದ ಸಡಿಲಾಗಿ ತಂತಿ ಹೊಸದರಲ್ಲೇ ಮಂಕಾಗಬಹುದು. ತಲೆಯಲ್ಲಿರುವ ಶ್ರುತಿ ತಿರುಪಿನ ಕಂಬಕ್ಕೆ ಎರಡು ಮೂರು ಸುತ್ತು ಬರುವಷ್ಟು ಉದ್ದ ಬಿಟ್ಟು, ಮೇಲಿನಿಂದ ಕೆಳಕ್ಕೆ ಸುತ್ತಿದೆ.

ನಾಲ್ಕೂ ತಂತಿ ಶ್ರುತಿಗೆ ಬಂದಾಗ ನೆಕ್ ಮೇಲೆ ಒಟ್ಟು 70 ಕೆಜಿಗೂ ಹೆಚ್ಚಿನ ಎಳೆತ ಬೀಳುತ್ತದೆ. ಅದಕ್ಕೆ ಎದುರು ಎಳೆಯುವುದು ಒಳಗಿನ ಟ್ರಸ್ ರಾಡ್. ಬಾಗು ಅಳೆಯಲು ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಬೆರಳಿನಿಂದ ಒತ್ತಿ, 7 ಅಥವಾ 8ನೇ ಫ್ರೆಟ್ ಮತ್ತು ತಂತಿಯ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸುವುದು. ನನ್ನದು 0.8 ಮಿ.ಮೀ. ಇತ್ತು. 0.3ರ ಹತ್ತಿರ ಇರಲಿ ಎಂದು ನನ್ನ ಆಸೆ. ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ, ರಾತ್ರಿ ಬಿಟ್ಟು ಬೆಳಗ್ಗೆ ಅಳೆದೆ. ಮೂರು ರಾತ್ರಿ, ಒಟ್ಟು ಮುಕ್ಕಾಲು ಸುತ್ತು, 0.35ಕ್ಕೆ ನಿಂತಿತು. ಒಂದೇ ಸಲ ತಿರುಗಿಸಿದರೂ ಆಗುತ್ತಿತ್ತೇನೋ. ಆದರೆ ರಾಡ್ ಮುರಿದರೆ ಬೇಸಿನ ಅರ್ಧ ಪ್ರಾಣ ಹೋದ ಹಾಗೆ, ಮರಕ್ಕೂ ಹೊಂದಿಕೊಳ್ಳಲು ಹೊತ್ತು ಬೇಕು.

ತಂತಿಯ ಎತ್ತರ 17ನೇ ಫ್ರೆಟ್ಟಿನಲ್ಲಿ ಎಲ್ಲಕ್ಕಿಂತ ದಪ್ಪದ ಇ ತಂತಿಗೆ 2.4, ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಗೆ 2 ಮಿ.ಮೀ. ಇಟ್ಟೆ. ಬ್ರಿಜ್ಜಿನ ಮೇಲೆ ತಂತಿ ಕೂರುವ ಸ್ಯಾಡಲಿನ ಪುಟ್ಟ ಸ್ಕ್ರೂಗಳು ಬೆವರಿನ ತುಕ್ಕಿಗೆ ಕಚ್ಚಿಕೊಂಡಿದ್ದವು. ಕಡ್ಡಿಯ ತುದಿಯಲ್ಲಿ ಒಂದೊಂದು ಹನಿ ತುಕ್ಕು ಬಿಡಿಸುವ ಎಣ್ಣೆ ಮುಟ್ಟಿಸಿ ರಾತ್ರಿ ಬಿಟ್ಟೆ. ಕೀ ಮಾತ್ರ ಸರಿಯಾದ ಅಳತೆಯದ್ದೇ ಬೇಕು. ಕೆಲವು ಬೇಸಿಗೆ ಮಿ.ಮೀ., ಕೆಲವಕ್ಕೆ ಇಂಚು. ಹತ್ತಿರ ಹತ್ತಿರದ್ದು ಹಾಕಿ ಜಾರಿಸಿದರೆ ಸ್ಕ್ರೂವಿನ ಬಾಯಿ ಸವೆದು ಆಮೇಲೆ ಡ್ರಿಲ್ಲೇ ಗತಿ.

ಎತ್ತರ ಮುಗಿದ ಮೇಲೆಯೇ ಇಂಟೊನೇಷನ್, ಅಂದರೆ ನೆಕ್ ಉದ್ದಕ್ಕೂ ಸ್ವರ ಶ್ರುತಿಯಲ್ಲಿರುವ ಹಾಗೆ ಮಾಡುವುದು. 12ನೇ ಫ್ರೆಟ್ ಒತ್ತಿ ಮೀಟಿದ ಸ್ವರ ಅಲ್ಲೇ ತಂತಿಗೆ ಬೆರಳು ಹಗುರಾಗಿ ತಾಗಿಸಿ ಮೀಟಿದಾಗ ಬರುವ ಹಾರ್ಮೊನಿಕ್ಕಿಗಿಂತ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಇದರಲ್ಲಿ ಹೆಚ್ಚು ಹೇಳಲು ಏನಿಲ್ಲ, ತಾಳ್ಮೆ ಮತ್ತು ಟ್ಯೂನರ್ ಸಾಕು.

ಆಮೇಲೆ ಒಂದು ಸುಳ್ಳು ಕಾಯಿಲೆಯ ಹಿಂದೆ ಇಡೀ ಸಂಜೆ ಕಳೆದೆ. ಜಿ ತಂತಿಯ 6ನೇ ಫ್ರೆಟ್ಟಿನ ಸ್ವರ ಬೇಗ ಸಾಯುತ್ತಿತ್ತು. ಫ್ರೆಟ್ ಎದ್ದಿದೆಯಾ ನೋಡಿದೆ, ಇಲ್ಲ. ತಂತಿ ಬದಲಾಯಿಸಿದೆ, ಆದರೂ ಹಾಗೇ ಇತ್ತು. ಕೊನೆಗೆ ನೆನಪಾಯಿತು, ಬೋಲ್ಟ್ ಹಾಕಿದ ಉದ್ದ ನೆಕ್ಕಿನ ಬೇಸುಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ಸುತ್ತ ಒಂದು ಸತ್ತ ಜಾಗ ಇರುವುದು ಬಹಳ ಸಾಮಾನ್ಯ. ನೆಕ್ ಆ ಸ್ವರಕ್ಕೆ ತಾನೂ ಅಲುಗಿ ಅದರ ಶಕ್ತಿ ತಿಂದುಬಿಡುತ್ತದೆ. ಬೇಸಿನ ತಲೆಗೆ ಒಂದು ಭಾರದ ಕ್ಲ್ಯಾಂಪ್ ಹಾಕಿದೆ, ಸತ್ತ ಜಾಗ ಒಂದು ಫ್ರೆಟ್ ಆಚೆ ಸರಿಯಿತು. ಹೋಗಲಿಲ್ಲ, ಸರಿಯಿತು ಅಷ್ಟೇ. ತೆಗೆದುಬಿಟ್ಟೆ. ಅದೇ ಸ್ವರ ಡಿ ತಂತಿಯಲ್ಲಿ ಸಿಗುತ್ತದಲ್ವಾ.

ಮೊದಲ ಪ್ರಾಕ್ಟೀಸ್

ನಿಂತು ನುಡಿಸಿದ ಮೊದಲ ದಿನವೇ ಹೆಗಲಿನ ಪಟ್ಟಿ ಸಿಕ್ಕಿಸುವ ಕೊಂಬಿನ ಸ್ಟ್ರ್ಯಾಪ್ ಬಟನ್ ಕಿತ್ತುಕೊಂಡು ಬಂತು. ಬೇಸ್ ಬೀಳುವಾಗ ಮಂಡಿ ಅಡ್ಡ ಕೊಟ್ಟೆ, ಬೇಸಿಗೆ ಏನೂ ಆಗಲಿಲ್ಲ. ರಂಧ್ರ ಸವೆದು ಹೋಗಿತ್ತು. ತಲೆ ಕತ್ತರಿಸಿದ ಬೆಂಕಿಕಡ್ಡಿ ಮೂರು, ಮರದ ಅಂಟು, ಒಂದು ರಾತ್ರಿ. ಮರುದಿನ ಅದೇ ಸ್ಕ್ರೂ ಕಲ್ಲಿನ ಹಾಗೆ ಕೂತಿತು. ಕೊಳ್ಳುವಾಗ 80 ಜಾಗ ಒತ್ತಿ ನೋಡಿದ ನಾನು ಬಟನ್ ಒಂದನ್ನು ಎಳೆದು ನೋಡಿರಲಿಲ್ಲ.

ಅಲ್ಲೇ ಇನ್ನೊಂದು. ಹೆಡ್ಡಿನಿಂದ (ಸ್ಪೀಕರ್ ಇಲ್ಲದ ಬರೀ ಆಂಪ್) ಸ್ಪೀಕರ್ ಡಬ್ಬಕ್ಕೆ ಯಾರೋ ಗಿಟಾರ್ ಕೇಬಲ್ ಚುಚ್ಚಿದ್ದರು. ಎರಡರ ಪ್ಲಗ್ಗೂ ಒಂದೇ ಥರ, ಅದೇ ಗೊಂದಲ. ಗಿಟಾರ್ ಕೇಬಲ್ಲಿನ ಒಳಗಿನ ಎಳೆ ತೆಳ್ಳಗೆ, ಸ್ಪೀಕರಿಗೆ ಹೋಗುವ ಕರೆಂಟಿಗೆ ಅದು ಸಾಲದು. ಮುಟ್ಟಿದರೆ ಬೆಚ್ಚಗಿತ್ತು. ಆಂಪ್ ಆರಿಸಿ ಬದಲಾಯಿಸಿದೆ. ನನ್ನ ಸ್ಪೀಕರ್ ಕೇಬಲ್ಲಿನ ಎರಡೂ ತುದಿಗೆ ಈಗ ಕೆಂಪು ಟೇಪ್ ಸುತ್ತಿದ್ದೇನೆ. ಅವತ್ತು ಇನ್ನೊಬ್ಬರು ತಮ್ಮ ಡಬ್ಬವನ್ನೂ ಸೇರಿಸೋಣ ಅಂದರು. 8 ಓಮ್‌ನ ಎರಡು ಡಬ್ಬ ಸಮಾಂತರವಾಗಿ ಸೇರಿದರೆ 4 ಓಮ್, ನನ್ನ ಹೆಡ್ಡಿಗೆ 4ರವರೆಗೆ ತಡೆಯುವ ಶಕ್ತಿ ಇದೆ. ಸೇರಿಸಿದೆವು. ಮೂರನೆಯದನ್ನು ಮಾತ್ರ ಬೇಡ ಎಂದೆ, 2.7ಕ್ಕೆ ಇಳಿಯುತ್ತಿತ್ತು.

ಈಗ ಉಳಿದಿರುವುದು ಎರಡು ಕೆಲಸ. ಟೋನ್ ಪಾಟ್ ತಿರುಗಿಸಿದರೆ ಕರಕರ ಅನ್ನುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ತರಬೇಕು. ಡಿ ತಂತಿಯ 14ನೇ ಫ್ರೆಟ್ಟಿನಲ್ಲಿ ಸಣ್ಣ ಝರ್ ಇದೆ, ಆಂಪಿನಲ್ಲಿ ಕೇಳಿಸುವುದಿಲ್ಲ, ಅದಕ್ಕೆ ನನಗೂ ಅವಸರ ಇಲ್ಲ. ಮೊದಲ ರಾತ್ರಿ ಆರ್ಡರ್ ಮಾಡಿದ್ದ ಆ ಹೊಸ ಪಿಕಪ್ ಜೋಡಿ ಬುಧವಾರ ಬಂತು. ಡಬ್ಬ ಒಡೆದಿಲ್ಲ. ವಾಪಸ್ ಕಳಿಸುವ ಗಡುವು ನಿನ್ನೆಗೆ ಮುಗಿಯಿತು ಎಂದು ಈಗ ತಾನೇ ನೋಡಿದೆ.